ತೂಗಿ ಮಾಡಿದ ಸಾಬೂನು



ಗಿಡಮರಗಳ ಎಣ್ಣೆಯಿಂದ ಮನೆಯಲ್ಲೇ ಮೈಸಾಬೂನು ಮಾಡಿಕೊಳ್ಳುವ ಬಗೆಯನ್ನು ಕುರಿತು ಈ ಹೊತ್ತು ನಿಮ್ಮೊಂದಿಗೆ ಮಾತಾಡಲು ಬಂದಿದ್ದೇನೆ. ಒಂದು ಕಾಗದ, ಒಂದು ಪೆನ್ನು ಹತ್ತಿರ ಇಟ್ಟುಕೊಂಡು ಕೂತರೆ ಒಳ್ಳೆಯದು. ನಡುವೆ ಕೆಲವು ಅಳತೆಗಳನ್ನು ಹೇಳುವುದಿದೆ, ಅವನ್ನು ಬರೆದುಕೊಳ್ಳಬೇಕಾಗುತ್ತದೆ.

ನಾನಿರುವುದು ಟಿಟ್ವಾಳಾದಲ್ಲಿ. ಕಲ್ಯಾಣ್ ದಾಟಿ ಕಸಾರಾ ಕಡೆಗೆ ಹೋಗುವ ಲೋಕಲ್ ಗಾಡಿ ಶಹಾಡ್, ಆಂಬಿವಲಿ ಕಳೆದು ನಿಲ್ಲುವ ಊರು. ಕಾಳೂ ನದಿಯ ಆಸರೆ, ಪೇಶ್ವೆ ಮಾಧವರಾಯರು ಜೀರ್ಣೋದ್ಧಾರ ಮಾಡಿಸಿದ ಮಹಾಗಣಪತಿಯ ದೇವಸ್ಥಾನ. ಅಂಗಾರಕ ಸಂಕಷ್ಟಿ ಬಂತೆಂದರೆ ಸ್ಟೇಷನ್ನಿನಿಂದ ಗುಡಿಯವರೆಗೂ ಜನವೋ ಜನ. ಮುಂಬಯಿಯೊಳಗೆ ಮನೆ ಕೊಳ್ಳುವುದು ಕೈಗೆಟುಕದೆ ಈ ಕಡೆ ಬಂದು ನೆಲೆಸಿದ ಕುಟುಂಬಗಳು ಇಲ್ಲಿ ಬಹಳ. ಅವರಲ್ಲಿ ನಮ್ಮ ಕನ್ನಡದವರೂ ಇದ್ದಾರೆ, ತುಳುವರೂ ಇದ್ದಾರೆ. ಊರಿಗೆ ಹೋಗಿ ಮರಳುವಾಗ ನಮ್ಮವರ ಸಾಮಾನಿನಲ್ಲಿ ಕುಚ್ಚಲಕ್ಕಿ, ಹಪ್ಪಳ, ಉಪ್ಪಿನಕಾಯಿಯ ಜೊತೆಗೆ ಒಂದು ಕ್ಯಾನ್ ತೆಂಗಿನೆಣ್ಣೆ ಇದ್ದೇ ಇರುತ್ತದೆ. ಆ ಎಣ್ಣೆಯಿಂದಲೇ ಸಾಬೂನು ಮಾಡಬಹುದಲ್ಲ ಎಂಬ ಆಸೆ ಈಗೀಗ ಹಲವರಿಗೆ ಹುಟ್ಟಿದೆ. ಮಹಿಳಾ ಮಂಡಳಗಳಲ್ಲಿ ಕಲಿಸುತ್ತಾರೆ. ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಬಂದ ಮುತ್ತೈದೆಯರಿಗೆ ಮನೆಯಲ್ಲೇ ಮಾಡಿದ ಸಾಬೂನಿನ ಬಿಲ್ಲೆಯನ್ನು ವಾಣವಾಗಿ, ಅಂದರೆ ಉಡುಗೊರೆಯಾಗಿ, ಕೊಡುವವರೂ ಇದ್ದಾರೆ.

ಈ ಉತ್ಸಾಹ ನನಗೆ ಬಹಳ ಇಷ್ಟ. ಆದರೆ ಇದರ ಜೊತೆಗೇ ಒಂದು ತಪ್ಪು ತಿಳಿವಳಿಕೆಯೂ ಹಬ್ಬುತ್ತಿದೆ. "ನಮ್ಮದು ಕೆಮಿಕಲ್ ಇಲ್ಲದ ಸಾಬೂನು, ಕಾಸ್ಟಿಕ್ ಸೋಡ ಹಾಕಿಯೇ ಇಲ್ಲ" ಎನ್ನುತ್ತಾರೆ. ಕೇಳುಗರೇ, ಕಾಸ್ಟಿಕ್ ಸೋಡ ಇಲ್ಲದೆ ಗಟ್ಟಿ ಸಾಬೂನು ಆಗುವುದಿಲ್ಲ. ಅಂಗಡಿಯಿಂದ ಸೋಪ್ ಬೇಸ್ ತಂದು, ಕರಗಿಸಿ, ಬಣ್ಣ-ಪರಿಮಳ ಸೇರಿಸಿ ಅಚ್ಚಿಗೆ ಹೊಯ್ಯುವವರ ಕೈಗೆ ಸೋಡ ಬರುವುದಿಲ್ಲ, ನಿಜ. ಆದರೆ ಆ ಬೇಸ್ ತಯಾರಾದ ಕಡೆ ಯಾರೋ ಅದನ್ನು ಅಳೆದು ಹಾಕಿಯೇ ಇರುತ್ತಾರೆ. ಬೇವು, ಲೋಳೆಸರ, ಅರಿಶಿನ, ಕಡಲೆಹಿಟ್ಟು ಇವು ಸಾಬೂನಿಗೆ ಸೇರಬಹುದಾದ ವಸ್ತುಗಳು, ಸಾಬೂನನ್ನು ಆಗುಮಾಡುವ ವಸ್ತುಗಳಲ್ಲ. ಆಗುಮಾಡುವುದು ಎಣ್ಣೆ ಮತ್ತು ಕ್ಷಾರ (ಇಲ್ಲಿ ಕಾಸ್ಟಿಕ್ ಸೋಡ), ಎರಡೇ.

ಅದು ಹೇಗೆ? ತೆಂಗಿನೆಣ್ಣೆಯಾಗಲಿ ಕಡಲೆಕಾಯಿ ಎಣ್ಣೆಯಾಗಲಿ, ಅದರ ಒಂದೊಂದು ಅಣುವಿನಲ್ಲೂ ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಿನ್‌ಗೆ ಅಂಟಿಕೊಂಡಿರುತ್ತವೆ. ಕ್ಷಾರ ಈ ಅಂಟನ್ನು ಬಿಡಿಸುತ್ತದೆ. ಬಿಡುಗಡೆಯಾದ ಕೊಬ್ಬಿನಾಮ್ಲಗಳು ಸೋಡದಲ್ಲಿರುವ ಸೋಡಿಯಂ ಜೊತೆ ಕೂಡುತ್ತವೆ. ಅದೇ ಸಾಬೂನು. ಪಕ್ಕಕ್ಕೆ ಉಳಿಯುವುದು ಗ್ಲಿಸರಿನ್. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೆಲ್ ಈ ಗುಟ್ಟನ್ನು 1823ರಲ್ಲಿ ಪುಸ್ತಕ ಬರೆದು ಲೋಕಕ್ಕೆ ತಿಳಿಸಿದ. ಅಳತೆ ಸರಿಯಾಗಿದ್ದರೆ ಹಾಕಿದ ಸೋಡವೆಲ್ಲ ಈ ಕೆಲಸದಲ್ಲೇ ಮುಗಿದುಹೋಗುತ್ತದೆ. ಸಿದ್ಧವಾದ ಸಾಬೂನಿನಲ್ಲಿ ಸುಡುವ ಸೋಡ ಉಳಿಯುವುದಿಲ್ಲ. ಅಳತೆ ತಪ್ಪಿ ಹೆಚ್ಚಾದರೆ ಮಾತ್ರ ಉಳಿಯುತ್ತದೆ, ಮೈ ಉರಿಯುತ್ತದೆ. ಆದ್ದರಿಂದ ಸೋಡಕ್ಕೆ ಹೆದರಿ ಪ್ರಯೋಜನವಿಲ್ಲ, ಅದನ್ನು ತೂಗುವುದನ್ನು ಕಲಿಯಬೇಕು. ನನ್ನ ಮಾತಿನ ತಿರುಳೇ ಇದು.

ನಮ್ಮ ಹಿರಿಯರಿಗೂ ಕ್ಷಾರ ಹೊಸದಲ್ಲ. ಅಗಸರು ಬಟ್ಟೆಗೆ ಬಳಸುತ್ತಿದ್ದ ಚೌಳುಮಣ್ಣಿನಲ್ಲಿ ಇರುವುದು ಕ್ಷಾರ. ಒಲೆಯ ಬೂದಿಯಲ್ಲಿರುವುದೂ ಕ್ಷಾರವೇ. ಜಿಡ್ಡಿನ ಪಾತ್ರೆಯನ್ನು ಬೂದಿಯಿಂದ ಉಜ್ಜಿದಾಗ ಜಿಡ್ಡು ಬಿಡುವುದರಲ್ಲಿ ಈ ಗುಣದ ಪಾಲೂ ಇದೆ. ಬೂದಿಯ ಕ್ಷಾರ ಪೊಟ್ಯಾಶಿಯಂನದು. ಅದರಿಂದ ಮೆತ್ತನೆಯ ಸಾಬೂನು ಆಗುತ್ತದೆಯೇ ಹೊರತು ಗಟ್ಟಿ ಬಿಲ್ಲೆ ಆಗುವುದಿಲ್ಲ. ಬಿಲ್ಲೆ ಬೇಕೆಂದರೆ ಸೋಡಿಯಂನ ಕ್ಷಾರವೇ ಬೇಕು.

ಅಳತೆಯ ಮಾತು ಬಂದಾಗ ನಮ್ಮ ನಾಡಿನ ಒಂದು ಚರಿತ್ರೆಯನ್ನು ನೆನೆಯಬೇಕು. ಮೊದಲ ಮಹಾಯುದ್ಧದ ಕಾಲ. ಮೈಸೂರು ಸೀಮೆಯ ಶ್ರೀಗಂಧ ಯೂರೋಪಿಗೆ ಹೋಗುವುದು ನಿಂತು ಕೊರಡುಗಳು ರಾಶಿ ಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಎಂ. ವಿಶ್ವೇಶ್ವರಯ್ಯನವರು ದಿವಾನರು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರ ನೆರವಿನಿಂದ 1916ರಲ್ಲಿ ಗಂಧದೆಣ್ಣೆ ಬಟ್ಟಿ ಇಳಿಸುವ ಕೆಲಸ ನಮ್ಮಲ್ಲೇ ಆರಂಭವಾಯಿತು. ಎಣ್ಣೆ ಸಿಕ್ಕಿತು, ಅದನ್ನು ಸಾಬೂನಿಗೆ ಹಾಕುವ ಯೋಚನೆಯೂ ಬಂತು. ಆದರೆ ಸಾಬೂನು ಮಾಡುವ ವಿದ್ಯೆ? ಅದನ್ನು ಕಲಿತು ಬರಲು ಎಸ್. ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳುಹಿಸಿದರು. ಮುಂದೆ ಜನ ಅವರನ್ನು ಸೋಪ್ ಶಾಸ್ತ್ರಿ ಎಂದೇ ಕರೆದರು. 1918ರ ಹೊತ್ತಿಗೆ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯಿಂದ ಮೈಸೂರು ಸ್ಯಾಂಡಲ್ ಸೋಪು ಹೊರಬಂತು. ಆನೆಯ ಸೊಂಡಿಲು, ಸಿಂಹದ ದೇಹವಿರುವ ಶರಭದ ಗುರುತು ಅದರ ಮೇಲೆ ಇಂದಿಗೂ ಇದೆ. ಗಂಧ ನಮ್ಮ ಕಾಡಿನದೇ ಆಗಿತ್ತು, ಎಣ್ಣೆಗೂ ಬರವಿರಲಿಲ್ಲ. ಹೊರಗಿನಿಂದ ಕಲಿತು ತಂದದ್ದು ಅಳತೆ ಮತ್ತು ಹದ.

ಅದೇ ಕಾಲದಲ್ಲಿ ಇತ್ತ ಮುಂಬಯಿಯಲ್ಲೂ ಒಂದು ಪ್ರಯತ್ನ ನಡೆಯಿತು. ಬೀಗ, ತಿಜೋರಿಗಳಿಗೆ ಹೆಸರಾಗಿದ್ದ ಆರ್ದೇಶಿರ್ ಗೋದ್ರೆಜ್ ಅವರು ಪ್ರಾಣಿಯ ಕೊಬ್ಬು ಸೇರದ, ಸಸ್ಯದ ಎಣ್ಣೆಯಿಂದಲೇ ಆದ ಸಾಬೂನನ್ನು ಮಾರುಕಟ್ಟೆಗೆ ತಂದರು. ಮೊದಲನೆಯದರ ಹೆಸರು ಚಾವಿ. ಆಗಿನ ಸಾಬೂನುಗಳಲ್ಲಿ ಪ್ರಾಣಿಗಳ ಕೊಬ್ಬಿನ ಬಳಕೆ ಸಾಮಾನ್ಯ. ಅದನ್ನು ಮುಟ್ಟಲೊಲ್ಲದ ಮನೆಗಳಿಗೆ, ಸ್ವದೇಶಿ ವ್ರತ ಹಿಡಿದವರಿಗೆ ಈ ಸಾಬೂನು ಒಪ್ಪಿಗೆಯಾಯಿತು. ಸ್ವಾತಂತ್ರ್ಯ ಬಂದ ಮೇಲೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಬೇವು, ಹೊಂಗೆ, ಹಿಪ್ಪೆಯಂಥ, ಹೆಚ್ಚಾಗಿ ಅಡುಗೆಗೆ ಬಳಸದ ಎಣ್ಣೆಗಳಿಂದ ಸಾಬೂನು ಮಾಡುವುದನ್ನು ಒಂದು ಗ್ರಾಮೋದ್ಯೋಗವಾಗಿ ಬೆಳೆಸಿತು. ಆಯೋಗದ ಕೇಂದ್ರ ಕಚೇರಿ ಇರುವುದು ನಮ್ಮ ಮುಂಬಯಿಯ ವಿಲೇಪಾರ್ಲೆಯಲ್ಲೇ. ಇಲ್ಲಿಯ ಕರಂಜವೇ ನಮ್ಮ ಹೊಂಗೆ, ಇಲ್ಲಿಯ ಮೋಹವೇ ನಮ್ಮ ಹಿಪ್ಪೆ. ಟಿಟ್ವಾಳಾದಿಂದ ಮುರ್ಬಾಡ್, ಶಹಾಪುರದ ಕಡೆ ಹೋದರೆ ಎರಡೂ ಮರಗಳು ಕಣ್ಣಿಗೆ ಬೀಳುತ್ತವೆ.

ಈಗ ಮನೆಗೆ ಬರೋಣ. ಕಾಗದ ಪೆನ್ನು ಕೈಗೆ ತೆಗೆದುಕೊಳ್ಳಿ.

ಒಂದೊಂದು ಎಣ್ಣೆಗೂ ಬೇಕಾಗುವ ಸೋಡದ ಪ್ರಮಾಣ ಬೇರೆ. 100 ಗ್ರಾಂ ತೆಂಗಿನೆಣ್ಣೆಗೆ ಸುಮಾರು 18 ಗ್ರಾಂ ಕಾಸ್ಟಿಕ್ ಸೋಡ ಬೇಕು. ಅಷ್ಟೇ ಕಡಲೆಕಾಯಿ ಎಣ್ಣೆಗೆ 13 ಗ್ರಾಂ ಚಿಲ್ಲರೆ ಸಾಕು, ಹರಳೆಣ್ಣೆಗೆ ಇನ್ನೂ ಸ್ವಲ್ಪ ಕಡಿಮೆ. ಹೀಗಿರುವಾಗ ಒಬ್ಬರ ಅಳತೆಯನ್ನು ಇಟ್ಟುಕೊಂಡು ಎಣ್ಣೆಯನ್ನು ಮಾತ್ರ ನಮ್ಮಿಷ್ಟಕ್ಕೆ ಬದಲಿಸುವಂತಿಲ್ಲ. ಎಣ್ಣೆ ಬದಲಾದರೆ ಲೆಕ್ಕವೂ ಬದಲಾಗಬೇಕು.

ಎಣ್ಣೆಗಳ ಗುಣವೂ ಬೇರೆ ಬೇರೆ. ತೆಂಗಿನೆಣ್ಣೆಯಲ್ಲಿ ಅರ್ಧದಷ್ಟು ಲಾರಿಕ್ ಆಮ್ಲವಿದೆ. ಅದರಿಂದ ಬಿಲ್ಲೆ ಗಟ್ಟಿಯಾಗುತ್ತದೆ, ನೊರೆ ಧಾರಾಳವಾಗಿ ಬರುತ್ತದೆ, ಉಪ್ಪುನೀರಿನಲ್ಲೂ ಬರುತ್ತದೆ. ಆದರೆ ತೆಂಗಿನೆಣ್ಣೆಯೊಂದರಿಂದಲೇ ಮಾಡಿದ ಸಾಬೂನು ಮೈ ಒಣಗಿಸುತ್ತದೆ. ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ ಮೃದುತನ ಕೊಡುತ್ತವೆ. ಹರಳೆಣ್ಣೆ ಸ್ವಲ್ಪ ಸೇರಿದರೆ ನೊರೆ ಬೇಗ ಇಳಿಯದೆ ನಿಲ್ಲುತ್ತದೆ. ಆದ್ದರಿಂದ ಮೂರನ್ನೂ ಕೂಡಿಸೋಣ.

ಬರೆದುಕೊಳ್ಳಿ. ತೆಂಗಿನೆಣ್ಣೆ 300 ಗ್ರಾಂ. ಕಡಲೆಕಾಯಿ ಎಣ್ಣೆ 150 ಗ್ರಾಂ. ಹರಳೆಣ್ಣೆ 50 ಗ್ರಾಂ. ಒಟ್ಟು 500 ಗ್ರಾಂ ಎಣ್ಣೆ. ಕಾಸ್ಟಿಕ್ ಸೋಡ 77 ಗ್ರಾಂ. ನೀರು 180 ಗ್ರಾಂ. ಮತ್ತೊಮ್ಮೆ ಹೇಳುತ್ತೇನೆ: ತೆಂಗಿನೆಣ್ಣೆ 300, ಕಡಲೆಕಾಯಿ ಎಣ್ಣೆ 150, ಹರಳೆಣ್ಣೆ 50, ಸೋಡ 77, ನೀರು 180. ಎಲ್ಲವೂ ಗ್ರಾಂ ಲೆಕ್ಕ. ಲೋಟ, ಚಮಚ, ಮಿಲಿಲೀಟರ್ ಬೇಡ. ಎಣ್ಣೆ ನೀರಿಗಿಂತ ಹಗುರ, ಅದನ್ನು ಅಳತೆಯ ಲೋಟದಲ್ಲಿ ಹೊಯ್ದರೆ ಲೆಕ್ಕ ತಪ್ಪುತ್ತದೆ. ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಈಗ ಕಡಿಮೆ ಬೆಲೆಗೆ ಸಿಗುತ್ತದೆ. ತಕ್ಕಡಿ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬೇಡಿ.

ಈ 77 ಗ್ರಾಂ ಎಲ್ಲಿಂದ ಬಂತು? ಪೂರ್ತಿ ಎಣ್ಣೆ ಸಾಬೂನಾಗಲು 81 ಗ್ರಾಂ ಚಿಲ್ಲರೆ ಸೋಡ ಬೇಕು. ಅದರಲ್ಲಿ ನೂರಕ್ಕೆ ಐದರಷ್ಟು ಬೇಕೆಂದೇ ಕಡಿಮೆ ಮಾಡಿದ್ದೇವೆ. ಹೀಗೆ ಮಾಡಿದಾಗ ಸೋಡವೆಲ್ಲ ತೀರಿಹೋಗಿ ಸ್ವಲ್ಪ ಎಣ್ಣೆ ಹಾಗೇ ಉಳಿಯುತ್ತದೆ. ಸುಡುವ ಭಯವೂ ಇಲ್ಲ, ಚರ್ಮಕ್ಕೆ ಜಿಡ್ಡಿನ ರಕ್ಷಣೆಯೂ ಉಂಟು. ಇದರ ಮೇಲೆ ಗ್ಲಿಸರಿನ್ ಇದೆ. ದೊಡ್ಡ ಕಾರ್ಖಾನೆಗಳು ಗ್ಲಿಸರಿನ್ ಅನ್ನು ಬೇರ್ಪಡಿಸಿ ಬೇರೆಯಾಗಿ ಮಾರುವುದು ವಾಡಿಕೆ. ಮನೆ ಸಾಬೂನಿನಲ್ಲಿ ಅದಷ್ಟೂ ಉಳಿಯುತ್ತದೆ. ಮನೆ ಸಾಬೂನು ಮೈಗೆ ಹಿತವಾಗಲು ಮುಖ್ಯ ಕಾರಣ ಈ ಎರಡು.

ಸಾಮಾನಿನ ಬಗ್ಗೆ ಎರಡು ಮಾತು. ಪಾತ್ರೆ ಸ್ಟೀಲಿನದಾಗಿರಲಿ, ಇಲ್ಲವೇ ಬಿಸಿ ತಡೆಯುವ ಗಟ್ಟಿ ಪ್ಲಾಸ್ಟಿಕ್ಕಿನದಾಗಿರಲಿ. ಅಲ್ಯೂಮಿನಿಯಂ ಪಾತ್ರೆ, ಚಮಚ ಖಂಡಿತ ಬೇಡ. ಸೋಡ ಅಲ್ಯೂಮಿನಿಯಂ ಅನ್ನು ತಿಂದು ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನು ಹೊರಬಿಡುತ್ತದೆ. ಸೋಡ ಶುದ್ಧವಾದದ್ದೇ ಬೇಕು. ಮೋರಿ ತೊಳೆಯಲೆಂದು ಮಾರುವ ಪುಡಿಗಳಲ್ಲಿ ಬೇರೆ ವಸ್ತುಗಳು ಬೆರೆತಿರುತ್ತವೆ. ಸೋಪಿನ ಪಾತ್ರೆ, ಸೌಟು, ಕಡಗೋಲುಗಳನ್ನು ಬೇರೆಯೇ ಇಡಿ, ಅಡುಗೆಗೆ ಮತ್ತೆ ಬಳಸಬೇಡಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರಿನ ಗ್ಲೌಸು, ಮೈ ತುಂಬ ಬಟ್ಟೆ ಇರಲಿ. ಮಕ್ಕಳು ಶಾಲೆಗೆ ಹೋದ ಹೊತ್ತು ನೋಡಿಕೊಳ್ಳಿ.

ನಮ್ಮ ಕಡೆಯ ಒಂದು ಬೆಡ್‌ರೂಮಿನ ಫ್ಲ್ಯಾಟುಗಳಲ್ಲಿ ಜಾಗ ಕಡಿಮೆ. ಕಿಟಕಿ ತೆರೆದಿಟ್ಟು, ಇಲ್ಲವೇ ಗ್ಯಾಲರಿಯಲ್ಲಿ ಕೂತು ಸೋಡ ಕರಗಿಸಿ. ಮೊದಲು ನೀರನ್ನು ತೂಗಿ ಪಾತ್ರೆಗೆ ಹಾಕಿ. ಆಮೇಲೆ ತೂಗಿಟ್ಟ ಸೋಡವನ್ನು ಸ್ವಲ್ಪ ಸ್ವಲ್ಪವಾಗಿ ಆ ನೀರಿಗೆ ಉದುರಿಸುತ್ತ ಕಲಕಿ. ನೀರಿಗೆ ಸೋಡ ಹಾಕಬೇಕು, ಸೋಡಕ್ಕೆ ನೀರು ಹೊಯ್ಯಬಾರದು. ಹೊಯ್ದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಸರಿಯಾಗಿ ಹಾಕಿದಾಗಲೂ ನೀರು ಬೆಂಕಿಯಿಲ್ಲದೆಯೇ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ, ಮೂಗಿಗೆ ಅಡರುವ ಹಬೆ ಏಳುತ್ತದೆ. ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳಿ. ಮೊದಲು ಮಸುಕಾಗಿದ್ದ ದ್ರಾವಣ ಆಮೇಲೆ ತಿಳಿಯಾಗುತ್ತದೆ. ಆರಲು ಬಿಡಿ. ಮೈಮೇಲೆ ಬಿದ್ದರೆ ನಿಂಬೆರಸ, ವಿನೆಗರ್ ಎಂದು ಹುಡುಕುತ್ತ ಕೂಡಬೇಡಿ. ತಕ್ಷಣ ನಲ್ಲಿಯ ಕೆಳಗೆ ಹಿಡಿದು 15ರಿಂದ 20 ನಿಮಿಷ ತೊಳೆಯಿರಿ. ಕಣ್ಣಿಗೆ ಸಿಡಿದರೆ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ. ಉಳಿದ ಸೋಡವನ್ನು ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ಮುಚ್ಚಳ ಬಿಗಿಯಾದ ಡಬ್ಬಕ್ಕೆ ಹೆಸರು ಬರೆದು, ಬೀಗ ಹಾಕುವ ಕಪಾಟಿನಲ್ಲಿಡಿ.

ಎಣ್ಣೆಗಳನ್ನು ಕೂಡಿಸಿ ಸ್ವಲ್ಪ ಬೆಚ್ಚಗೆ ಮಾಡಿ. ಚಳಿಗಾಲದಲ್ಲಿ ತೆಂಗಿನೆಣ್ಣೆ ಗಟ್ಟಿಯಾಗಿದ್ದರೆ ಕರಗಬೇಕಷ್ಟೆ. ಎಣ್ಣೆಯೂ ದ್ರಾವಣವೂ ಸುಮಾರು 40 ಡಿಗ್ರಿಗೆ ಬಂದಾಗ ದ್ರಾವಣವನ್ನು ಸಣ್ಣ ಧಾರೆಯಾಗಿ ಎಣ್ಣೆಗೆ ಹೊಯ್ದು ಕಡೆಯಿರಿ. ಹ್ಯಾಂಡ್ ಬ್ಲೆಂಡರ್ ಇದ್ದರೆ ಕೆಲವೇ ನಿಮಿಷ, ಕೈಯಲ್ಲಿ ಕಡೆದರೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ. ಈಗ ಕಣ್ಣಿಟ್ಟು ನೋಡಬೇಕು. ಮೊದಲು ಎಣ್ಣೆ ಬೇರೆ, ನೀರು ಬೇರೆಯಾಗಿ ಸುತ್ತುತ್ತಿರುತ್ತದೆ. ಆಮೇಲೆ ಹೊಳಪು ಮಾಸಿ ಬಣ್ಣ ಹಾಲುಬಿಳುಪಿಗೆ ತಿರುಗುತ್ತದೆ. ಕಡಗೋಲಿಗೆ ಸ್ವಲ್ಪ ಭಾರ ತಾಗುತ್ತದೆ. ಕೊನೆಗೆ ದೋಸೆಹಿಟ್ಟಿನ ಹದಕ್ಕೆ ಬರುತ್ತದೆ. ಸೌಟಿನಿಂದ ಎತ್ತಿ ಮೇಲಿಂದ ಬಿಟ್ಟರೆ ಬಿದ್ದ ಧಾರೆಯ ಗೆರೆ ತಕ್ಷಣ ಮುಳುಗದೆ ಒಂದು ಕ್ಷಣ ಮೇಲೆ ನಿಲ್ಲುತ್ತದೆ. ಅದೇ ಹದ. ಇನ್ನು ಎಣ್ಣೆ ನೀರು ಬೇರೆಯಾಗುವುದಿಲ್ಲ.

ಬಟರ್ ಪೇಪರ್ ಹಾಸಿದ ಪ್ಲಾಸ್ಟಿಕ್ ಡಬ್ಬಕ್ಕೆ ಹೊಯ್ದು, ಮುಚ್ಚಿ, ಹಳೆಯ ಟವೆಲ್ ಸುತ್ತಿಡಿ. ಒಳಗೆ ತಾನಾಗಿಯೇ ಬಿಸಿಯೇರಿ ಸಾಬೂನಾಗುವ ಕೆಲಸ ನಡೆಯುತ್ತದೆ. ಮರುದಿನ ಗ್ಲೌಸು ಹಾಕಿಕೊಂಡೇ ಹೊರತೆಗೆದು ಕತ್ತರಿಸಿ. ತೆಂಗಿನೆಣ್ಣೆ ಹೆಚ್ಚಿರುವುದರಿಂದ ಬಹಳ ತಡಮಾಡಿದರೆ ಗಟ್ಟಿಯಾಗಿ ಕತ್ತಿಗೆ ಒಡೆಯುತ್ತದೆ. 100 ಗ್ರಾಂನಂತೆ ಏಳು ಬಿಲ್ಲೆಗಳಾಗುತ್ತವೆ.

ಇಷ್ಟಾದ ಮೇಲೆ ಕಾಯುವ ಕೆಲಸ. ನಾಲ್ಕರಿಂದ ಆರು ವಾರ ಬಿಲ್ಲೆಗಳನ್ನು ಒಂದಕ್ಕೊಂದು ತಾಗದಂತೆ ಗಾಳಿಯಾಡುವ ಕಡೆ ಜೋಡಿಸಿಡಬೇಕು. ಬಿಸಿಲು ಬೇಡ. ಸಾಬೂನಾಗುವ ಕೆಲಸ ಒಂದೆರಡು ದಿನಗಳಲ್ಲೇ ಬಹುಪಾಲು ಮುಗಿದಿರುತ್ತದೆ. ಉಳಿದ ವಾರಗಳಲ್ಲಿ ನೀರಿನಂಶ ಆರುತ್ತದೆ, ಬಿಲ್ಲೆ ಬಿಗಿಯುತ್ತದೆ, ಬಳಸುವಾಗ ಬೇಗ ಕರಗುವುದಿಲ್ಲ. ಅಂಗಡಿಯ ಸಾಬೂನಿನ ಹೊದಿಕೆಯ ಮೇಲೆ ಟಿಎಫ್‌ಎಂ ಎಂದು ಅಚ್ಚು ಹಾಕಿರುವುದನ್ನು ನೋಡಿರುತ್ತೀರಿ. ಸಾಬೂನಿನಲ್ಲಿ ಕೊಬ್ಬಿನಾಮ್ಲದ ಅಂಶ ನೂರಕ್ಕೆ ಎಷ್ಟು ಎಂಬ ಲೆಕ್ಕ ಅದು. ಭಾರತೀಯ ಮಾನಕದಲ್ಲಿ ಒಂದನೇ ದರ್ಜೆಗೆ 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60 ಇರಬೇಕು. ನಮ್ಮ ಬಿಲ್ಲೆ ಒಣಗುತ್ತ ಹೋದಂತೆ ಈ ಅಂಶ ಏರುತ್ತದೆ. ಅವಸರಪಟ್ಟು ಹಸಿ ಸಾಬೂನನ್ನು ಬಳಸಿ, ಬೇಗ ಕರಗಿತು ಎಂದು ದೂರಿದರೆ ಪ್ರಯೋಜನವಿಲ್ಲ.

ನಮ್ಮ ಟಿಟ್ವಾಳಾ, ಕಲ್ಯಾಣ್, ಡೊಂಬಿವಲಿಯ ಮಳೆಗಾಲದಲ್ಲಿ ಈ ಆರು ವಾರವೂ ಸಾಲದು. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಬಿಲ್ಲೆಯ ಮೇಲೆ ಬೆವರಿದಂತೆ ಹನಿಗಳು ಕೂರುತ್ತವೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಟ್ಟು, ದಸರೆ ಕಳೆದ ಮೇಲೆ ಶುರುಮಾಡಿ. ಆಗ ಮಾಡಿದ್ದು ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಸರಿಯಾಗಿ ಒಣಗಿರುತ್ತದೆ. ನೀರಿನ ವಿಷಯವೂ ಇದೆ. ಎಷ್ಟೋ ಸೊಸೈಟಿಗಳಲ್ಲಿ ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಬರುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಶಿಯಂ ಸಾಬೂನಿನೊಡನೆ ಸೇರಿ ನೊರೆ ಕೊಡದ ಕಿಟ್ಟವಾಗುತ್ತದೆ. ಬಕೆಟ್ಟಿನ ಅಂಚಿಗೆ ಬಿಳಿ ಪದರ ಹಿಡಿಯುವುದು ಇದೇ. ಆದ್ದರಿಂದ ಸೋಡ ಕರಗಿಸಲು ಶುದ್ಧೀಕರಿಸಿದ ನೀರನ್ನೇ ತೆಗೆದುಕೊಳ್ಳಿ.

ಇನ್ನು ಸೊಪ್ಪು, ಹೂವು, ಬಣ್ಣ. ಟಿಟ್ವಾಳಾದ ಗಣಪತಿಗೆ ಗರಿಕೆಯ ಜೊತೆಗೆ ಕೆಂಪು ದಾಸವಾಳ ಏರಿಸುತ್ತಾರೆ. ಆ ಕೆಂಪನ್ನು ಸಾಬೂನಿಗೆ ತರುವ ಆಸೆ ಯಾರಿಗಾದರೂ ಹುಟ್ಟಬಹುದು. ಬಾರದು. ದಾಸವಾಳದ ಕೆಂಪು ಕ್ಷಾರ ತಾಗಿದ ಕೂಡಲೇ ಬಣ್ಣಗೆಟ್ಟು ಕೊನೆಗೆ ಕಂದಾಗಿ ನಿಲ್ಲುತ್ತದೆ. ಅರಿಶಿನದ ಕಥೆ ನಮ್ಮ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಓಕುಳಿ ಕೆಂಪಾಗುತ್ತದೆ. ಸುಣ್ಣ ಕ್ಷಾರ, ಸೋಡವೂ ಕ್ಷಾರ. ಸಾಬೂನಿನಲ್ಲೂ ಅರಿಶಿನ ಕೆಂಪುಗಂದಾಗಿ, ದಿನ ಕಳೆದಂತೆ ಮಾಸುತ್ತದೆ. ಅಂಗಡಿಯಲ್ಲಿ ಹೊಳೆಯುವ ಹಳದಿ ಬಿಲ್ಲೆಯನ್ನು ಅರಿಶಿನದ್ದೆಂದು ಕೊಟ್ಟರೆ, ಆ ಬಣ್ಣ ಅರಿಶಿನದ್ದೇನಾ ಎಂದು ವಿಚಾರಿಸಿ ಕೊಳ್ಳಿ. ನಿಂಬೆರಸ ಹಾಕಿದರೆ ಅದರ ಹುಳಿ ಸೋಡವನ್ನು ತಿಂದು ನಮ್ಮ ಲೆಕ್ಕವನ್ನೇ ಕೆಡಿಸುತ್ತದೆ. ಹಸಿ ಸೊಪ್ಪಿನ ರಸ ಮುಗ್ಗುವ ಭಯವಿದೆ. ನೆರಳಲ್ಲಿ ಒಣಗಿಸಿ ಜರಡಿ ಹಿಡಿದ ಬೇವಿನ ಪುಡಿ, ಕಡಲೆಹಿಟ್ಟು ಇಂಥದು ಅರ್ಧ ಕಿಲೋ ಎಣ್ಣೆಗೆ ಒಂದು ಚಮಚ ಸಾಕು. ಪರಿಮಳದ ಎಣ್ಣೆ ಹಾಕುವುದಾದರೆ 500 ಗ್ರಾಂಗೆ 15 ಗ್ರಾಂ ಮೀರಬಾರದು. ಮೊದಲ ಸಲ ಇವು ಯಾವುವೂ ಬೇಡ. ಬಿಳಿ ಸಾಬೂನನ್ನೇ ಮಾಡಿ ಕಲಿಯಿರಿ.

ಊರಿನಿಂದ ತಂದ ತೆಂಗಿನೆಣ್ಣೆ ಹಳತಾಗಿ ಕನರು ವಾಸನೆ ಬಂದಿದ್ದರೆ ಅದು ಮೈಸಾಬೂನಿಗೆ ಆಗದು. ಬಿಲ್ಲೆಯ ಮೇಲೆ ಕಿತ್ತಳೆ ಬಣ್ಣದ ಕಲೆಗಳೆದ್ದು ಅದೇ ವಾಸನೆ ಬರುತ್ತದೆ. ಕರಿದು ಮಿಕ್ಕ ಎಣ್ಣೆಗೆ ಮಾತ್ರ ಒಂದು ಒಳ್ಳೆಯ ದಾರಿಯಿದೆ. ಗಣೇಶನ ಹಬ್ಬ, ದೀಪಾವಳಿ ಮುಗಿದಾಗ ಮನೆಮನೆಯಲ್ಲೂ ಉಳಿಯುವ ಈ ಎಣ್ಣೆಯನ್ನು ಸಿಂಕಿಗೆ ಸುರಿದರೆ ಕಟ್ಟಡದ ಕೊಳವೆ ಕಟ್ಟುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ, 500 ಗ್ರಾಂ ಕಡಲೆಕಾಯಿ ಅಥವಾ ಸೂರ್ಯಕಾಂತಿ ಎಣ್ಣೆಗೆ 65 ಗ್ರಾಂ ಸೋಡ, 180 ಗ್ರಾಂ ನೀರು ಹಾಕಿ ಇದೇ ಕ್ರಮದಲ್ಲಿ ಮಾಡಿದರೆ ನೆಲ ಒರೆಸಲು, ಒರೆಸುವ ಬಟ್ಟೆ ಒಗೆಯಲು ಸಾಬೂನು ಸಿಗುತ್ತದೆ. ಇದು ಗಟ್ಟಿಯಾಗಲು ಹೆಚ್ಚು ದಿನ ಹಿಡಿಯುತ್ತದೆ. ಮೈಗೆ ಬಳಸಬೇಡಿ.

ಮನೆಯಲ್ಲಿ ಅಂಬೆಗಾಲಿಡುವ ಮಕ್ಕಳಿದ್ದಾರೆ, ಸೋಡದ ಸಹವಾಸವೇ ಬೇಡ ಎನ್ನುವ ತಾಯಂದಿರೂ ಇದ್ದೀರಿ. ಆ ನಿರ್ಧಾರವೂ ಸರಿಯೇ. ನಿಮಗೆ ಅಂಟುವಾಳವಿದೆ, ಸೀಗೆಯಿದೆ, ಕಡಲೆಹಿಟ್ಟು, ಹೆಸರುಹಿಟ್ಟು ಇದೆ. ಅಂಟುವಾಳ ಎಂದರೆ ನಮ್ಮ ನೊರೆಕಾಯಿ, ಇಲ್ಲಿಯ ದಿನಸಿ ಅಂಗಡಿಯವರು ರೀಠಾ ಎನ್ನುತ್ತಾರೆ. ಅದರ ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ವಸ್ತುವೇ ನೊರೆ ಕೊಡುತ್ತದೆ. ಬೀಜ ತೆಗೆದ ಹತ್ತು ಕಾಯಿಗಳ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಕಿವುಚಿ ಸೋಸಿಕೊಳ್ಳಿ. ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಇರುತ್ತದೆ. ರೇಷ್ಮೆ ಸೀರೆಗೆ, ಉಣ್ಣೆಗೆ, ಚಿನ್ನದ ಒಡವೆಗೆ ಇದು ಬಹಳ ಒಳ್ಳೆಯದು. ಅಕ್ಕಸಾಲಿಗರೂ ಇದನ್ನೇ ಬಳಸುತ್ತ ಬಂದಿದ್ದಾರೆ. ಕಣ್ಣಿಗೆ ತಾಗಿದರೆ ಉರಿಯುತ್ತದೆ, ಹೊಟ್ಟೆಗೆ ಹೋಗಬಾರದು. ದೀಪಾವಳಿಯ ನರಕ ಚತುರ್ದಶಿಯಂದು ಇಲ್ಲಿಯ ಮರಾಠಿ ಮನೆಗಳಲ್ಲಿ ಎಣ್ಣೆ ಹಚ್ಚಿ ಉಟಣೆ ಎಂಬ ಪುಡಿ ತಿಕ್ಕಿ ಅಭ್ಯಂಗ ಮಾಡುತ್ತಾರೆ, ನಮ್ಮಲ್ಲಿ ಸೀಗೆಪುಡಿ. ಎಣ್ಣೆ ಸವರಿದ ಮೈಗೆ ಈ ಪುಡಿಗಳೇ ಸರಿ. ಹಸುಗೂಸುಗಳ ಮೈಗಂತೂ ಮನೆ ಸಾಬೂನು ಬೇಡ, ಹೆಸರುಹಿಟ್ಟೇ ಲೇಸು.

ಕೊನೆಯದಾಗಿ ಮಾರಾಟದ ವಿಷಯ. ಸಾಬೂನು ಚೆನ್ನಾಗಿ ಬಂದ ಮೇಲೆ ನಾಲ್ಕು ಕಾಸು ಸಂಪಾದಿಸುವ ಯೋಚನೆ ಬರುವುದು ಸಹಜ, ನ್ಯಾಯವಾದದ್ದು ಕೂಡ. ಮನೆಬಳಕೆಗೆ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಮಾರಲೆಂದು ಮೈಸಾಬೂನು ತಯಾರಿಸಬೇಕಾದರೆ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆ, 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಪರವಾನಗಿ ಬೇಕು. ಮಹಾರಾಷ್ಟ್ರದಲ್ಲಿ ಅದನ್ನು ಕೊಡುವುದು ರಾಜ್ಯದ ಆಹಾರ ಮತ್ತು ಔಷಧ ಆಡಳಿತ ಇಲಾಖೆ. ಇಸುಬು, ಮೊಡವೆ, ಕಜ್ಜಿ ವಾಸಿಯಾಗುತ್ತದೆ ಎಂದು ಚೀಟಿಯ ಮೇಲೆ ಬರೆದರೆ ಅದು ಸಾಬೂನಿನ ಮಾತಾಗದೆ ಔಷಧದ ಮಾತಾಗುತ್ತದೆ. ಹಾಗೆ ಬರೆಯಬೇಡಿ. ಚರ್ಮದ ರೋಗಕ್ಕೆ ವೈದ್ಯರಿದ್ದಾರೆ. ಒಬ್ಬೊಬ್ಬರಾಗಿ ಪರವಾನಗಿ ಪಡೆಯುವುದು ಕಷ್ಟವಾದರೆ ಸ್ವಸಹಾಯ ಗುಂಪು ಕಟ್ಟಿಕೊಂಡು, ಒಂದೇ ಕಡೆ ಸರಿಯಾದ ಜಾಗ ಮಾಡಿಕೊಂಡು ನಡೆಸಬಹುದು. ಥಾಣೆಯಿಂದ ಟಿಟ್ವಾಳಾದವರೆಗೆ, ಅತ್ತ ನವಿ ಮುಂಬಯಿಯವರೆಗೆ ಇರುವ ನಮ್ಮ ಕನ್ನಡ ಸಂಘಗಳ ಮಹಿಳಾ ವಿಭಾಗಗಳಿಗೆ ನನ್ನದೊಂದು ವಿನಂತಿ. ರಂಗೋಲಿ, ಅಡುಗೆ ಸ್ಪರ್ಧೆಗಳ ಜೊತೆಗೆ ವರ್ಷಕ್ಕೊಂದು ದಿನ ರಸಾಯನ ಶಾಸ್ತ್ರ ಬಲ್ಲ ಒಬ್ಬ ಅಧ್ಯಾಪಕರನ್ನು ಕರೆಸಿ, ತಕ್ಕಡಿ ಮುಂದಿಟ್ಟುಕೊಂಡು ಸಾಬೂನಿನ ಪಾಠ ಮಾಡಿಸಿ. ಗೃಹಿಣಿಯರು ಮಾತ್ರವಲ್ಲ, ಕಾಲೇಜಿನ ಹುಡುಗ ಹುಡುಗಿಯರೂ ಬರಲಿ. ಪುಸ್ತಕದಲ್ಲಿ ಓದಿದ ಕ್ರಿಯೆ ಕಣ್ಣೆದುರು ನಡೆಯುವುದನ್ನು ಅವರೂ ಕಾಣಲಿ.

ಮನೆಯಲ್ಲಿ ಮಾಡಿದ ಮಾತ್ರಕ್ಕೆ ಸಾಬೂನು ಒಳ್ಳೆಯದಾಗುವುದಿಲ್ಲ, ಸೊಪ್ಪು ಸೇರಿದ ಮಾತ್ರಕ್ಕೂ ಆಗುವುದಿಲ್ಲ. ಒಳ್ಳೆಯ ಎಣ್ಣೆ ತಂದು, ಸೋಡವನ್ನು ಗ್ರಾಂ ಲೆಕ್ಕದಲ್ಲಿ ತೂಗಿ, ಆರು ವಾರ ಕಾದವರ ಸಾಬೂನು ಯಾವ ಅಂಗಡಿಯ ಸಾಬೂನಿಗೂ ಕಡಿಮೆಯಿಲ್ಲ. ಮೊದಲು ತಕ್ಕಡಿ ಕೊಳ್ಳಿ, ಸೋಡ ಆಮೇಲೆ ತನ್ನಿ.